ಪರವಾನಗಿ ಸಂಖ್ಯೆ: ಇಲ್ಲ

ಮೇಸ್ತ್ರಿ ರಸ್ತೆಗೆ ಗೆರೆ ಎಳೆಯುವ ಕೆಲಸದವನು. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. ಸುಣ್ಣದ ಪುಡಿ ಹಚ್ಚಿದ ನೂಲನ್ನು ಎರಡು ತುದಿಯಲ್ಲಿ ಬಿಗಿಹಿಡಿದು, ನಡುವೆ ಎತ್ತಿ ಬಿಟ್ಟರೆ ಟಾರಿನ ಮೇಲೆ ಸಣ್ಣ ಗುರುತು ಬೀಳುತ್ತದೆ. ಆ ಗುರುತಿನ ಮೇಲೆ ಬಣ್ಣ ಕಾಯಿಸುವ ಗಾಡಿಯನ್ನು ತಳ್ಳಿಕೊಂಡು ಹೋಗಬೇಕು. ನೋಡಿದವರಿಗೆ ಇದೇನು ಮಹಾ ಅನ್ನಿಸುತ್ತದೆ. ಆದರೆ ಕೆಲಸದ ಮುಕ್ಕಾಲು ಪಾಲು ಇರುವುದು ಗೆರೆ ಎಳೆಯುವುದರಲ್ಲಲ್ಲ, ರಸ್ತೆ ಮುಚ್ಚುವುದರಲ್ಲಿ.

ರಸ್ತೆ ಮುಚ್ಚುವುದಕ್ಕೂ ಒಂದು ಕ್ರಮವಿದೆ. ದೂರದಲ್ಲಿ ಮೊದಲು ‘ನಿಧಾನ, ಮುಂದೆ ಕೆಲಸ ನಡೆಯುತ್ತಿದೆ’ ಎಂಬ ಫಲಕ ನಿಲ್ಲಿಸಬೇಕು. ಆಮೇಲೆ ಮೂರು ಮೂರು ಹೆಜ್ಜೆಗೆ ಒಂದರಂತೆ ಕಿತ್ತಳೆ ಬಣ್ಣದ ಕೋನುಗಳನ್ನು ಓರೆಯಾಗಿ ಇಡುತ್ತ ಬರಬೇಕು, ಗಾಡಿಗಳು ತಮಗೇ ಗೊತ್ತಾಗದ ಹಾಗೆ ಪಕ್ಕಕ್ಕೆ ಸರಿದುಕೊಳ್ಳಬೇಕು. ಒಂದು ಸಾಲು ಗಾಡಿ ಹೋಗುವಷ್ಟಾದರೂ ಜಾಗ ಬಿಡಲೇಬೇಕು. ಇದನ್ನೆಲ್ಲ ಮಾಡಲು ರಸ್ತೆ ಕಚೇರಿಯವರು ಕೊಟ್ಟ ಕಾರ್ಡು ಬೇಕು. ಆ ಕಾರ್ಡಿನಲ್ಲಿ ಮೇಸ್ತ್ರಿಯ ಫೋಟೋ ಇತ್ತು, ಹೆದರಿದ ಮೊಲದ ಹಾಗೆ. ಕಾರ್ಡು ಇದ್ದರೆ ಅವನು ಮೇಸ್ತ್ರಿ, ಇಲ್ಲದಿದ್ದರೆ ಯಾರದೋ ಕೈಕೆಳಗೆ ಗಾಡಿ ತಳ್ಳುವ ಆಳು. ಅದಕ್ಕೇ ದಿನವೂ ಬೆಳಿಗ್ಗೆ ಅಂಗಿಯ ಜೇಬನ್ನು ಮುಟ್ಟಿ ನೋಡಿಕೊಂಡೇ ಹೊಸ್ತಿಲು ದಾಟುತ್ತಿದ್ದ. ಹೊಸ್ತಿಲು ದಾಟಿದ ಮೇಲೆ ಇನ್ನೊಮ್ಮೆ ಮುಟ್ಟುತ್ತಿದ್ದ.

“ಹೆಂಡ್ತೀನ ಮರೆತರೂ ಮರೀತೀರಿ, ಅದನ್ನ ಮಾತ್ರ ಮರೆಯಲ್ಲ” ಎನ್ನುತ್ತಿದ್ದಳು ಹೆಂಡತಿ.

“ನೀನು ಕಳೆದುಹೋದರೆ ನೀನೇ ಮನೆಗೆ ಬರ್ತೀಯ. ಅದು ಬರುತ್ತಾ?” ಎನ್ನುತ್ತಿದ್ದ ಅವನು.

ಅವನ ಅಕ್ಕ ಪ್ರಾಥಮಿಕ ಶಾಲೆಯಲ್ಲಿ ಆಯಾ. ಅವಳನ್ನು ಬೀದಿಯವರೆಲ್ಲ ದೊಡ್ಡಕ್ಕ ಎಂದೇ ಕರೆಯುವುದು. ಗಾತ್ರದಲ್ಲೂ ದೊಡ್ಡವಳು, ದನಿಯಲ್ಲೂ ದೊಡ್ಡವಳು. ಶಾಲೆಯ ಮುಂದಿನ ರಸ್ತೆಯನ್ನು ಅಗಲ ಮಾಡಿ ಹೊಸ ಟಾರು ಹಾಕಿದಾಗ ಜನ ದಾಟಲು ಬರೆದಿದ್ದ ಹಳೆಯ ಬಿಳಿ ಪಟ್ಟೆಗಳು ಅದರಡಿ ಮುಚ್ಚಿಹೋದವು. ಮತ್ತೆ ಯಾರೂ ಬರೆಯಲಿಲ್ಲ. ತಿರುವಿನಲ್ಲಿ ಗಾಡಿಗಳು ಬಾಣದ ಹಾಗೆ ಬರುತ್ತಿದ್ದವು. ದೊಡ್ಡಕ್ಕ ಬೆಳಿಗ್ಗೆ ಸಂಜೆ ಎರಡೂ ಕೈ ಅಗಲಿಸಿ ನಡುರಸ್ತೆಯಲ್ಲಿ ನಿಂತು ಮಕ್ಕಳನ್ನು ದಾಟಿಸುತ್ತಿದ್ದಳು. ಅರ್ಜಿ ಕೊಟ್ಟಳು, ತಾಯಂದಿರ ಸಹಿ ಹಾಕಿಸಿ ಇನ್ನೊಂದು ಕೊಟ್ಟಳು. ಕಚೇರಿಯವರು ‘ಪರಿಶೀಲನೆಯಲ್ಲಿದೆ’ ಅಂದರು. ಎಂಟು ತಿಂಗಳು ಅದು ಪರಿಶೀಲನೆಯಲ್ಲೇ ಇತ್ತು.

“ನೀನೇ ಹೋಗಿ ಬರೆದುಬಿಡೋ, ನಿಂಗೇನು ಎರಡು ಗಂಟೆ ಕೆಲಸ” ಎಂದಳು ತಮ್ಮನಿಗೆ.

“ಅಪ್ಪಣೆ ಇಲ್ಲದೆ ಒಂದು ಚುಕ್ಕಿ ಇಟ್ಟರೂ ಕಾರ್ಡು ಹೋಗುತ್ತೆ, ಅಕ್ಕ.”

“ಹಾಗಾದ್ರೆ ನಾವು ಕೂತ್ಕೊಂಡೇ ಬರೆಸ್ತೀವಿ” ಎಂದಳು ದೊಡ್ಡಕ್ಕ.

ಕೂತುಕೊಳ್ಳುವುದು ಎಂದರೆ ರಸ್ತೆಯಲ್ಲಿ. ಗುರುವಾರ ಶಾಲೆ ಬಿಟ್ಟ ಮೇಲೆ ಇಪ್ಪತ್ತೇ ನಿಮಿಷ. ಆ ಮಾತು ಕೇಳಿದ ಕೂಡಲೇ ಮೇಸ್ತ್ರಿಯ ಕೈ ಜೇಬಿನ ಕಾರ್ಡಿಗೆ ಹೋಯಿತು. ಆಗಷ್ಟೇ ಹೊಸ ಕಾನೂನು ಬಂದಿತ್ತು. ಪ್ರತಿಭಟನೆ ಮಾಡುವವರು ರಸ್ತೆಯಲ್ಲಿ ಸುಮ್ಮನೆ ಕೂತರೆ ಒಂದು ಕಲಂ: ದಂಡವೋ, ಎಚ್ಚರಿಕೆಯೋ. ಸಾಮಾನು ತಂದಿಟ್ಟು ಸಂಚಾರವನ್ನು ಪೂರ್ತಿ ತಡೆದರೆ ಇನ್ನೊಂದು ಕಲಂ: ಒಂದು ವರ್ಷದವರೆಗೆ ಜೈಲು, ಜೊತೆಗೆ ರಸ್ತೆಗೆ ಸಂಬಂಧಪಟ್ಟ ಕಾರ್ಡು, ಪರವಾನಗಿ ಏನಿದ್ದರೂ ರದ್ದು. ಕಚೇರಿಯ ಗೋಡೆಗೆ ಅಂಟಿಸಿದ್ದ ಈ ಕಾಗದವನ್ನು ಪೂರ್ತಿ ಓದಿದ ಒಬ್ಬನೇ ಮನುಷ್ಯ ಅಂದರೆ ಮೇಸ್ತ್ರಿ. ಎರಡು ಸಲ ಓದಿದ್ದ.

ಆದ್ದರಿಂದ ಗುರುವಾರ ಅವನು ಆ ಕಡೆ ಹೋಗಬಾರದೆಂದೇ ನಿಶ್ಚಯಿಸಿದ್ದ. ಆದರೆ ಕೆಲಸ ಮುಗಿಸಿ ವ್ಯಾನು ತರುವಾಗ ದಾರಿ ಅದೇ. ದೂರದಿಂದ ನೋಡಿಯೇ ಹೋಗಿಬಿಡೋಣ ಎಂದು ಮೂಲೆಯಲ್ಲಿ ನಿಲ್ಲಿಸಿದ.

ನೋಡಿದ್ದೇ ತಪ್ಪಾಯಿತು. ನಲವತ್ತು ಜನ ಹೆಂಗಸರು ತಿರುವಿನಾಚೆ, ಬರುವ ಗಾಡಿಗಳಿಗೆ ಕಾಣದ ಜಾಗದಲ್ಲೇ, ಮದುವೆ ಮನೆಯಲ್ಲಿ ಕೂತ ಹಾಗೆ ಕಾಲು ಚಾಚಿ ಕೂತಿದ್ದರು. ಮುಂದೆ ಫಲಕವಿಲ್ಲ, ಓರೆ ಸಾಲಿಲ್ಲ, ಏನೂ ಇಲ್ಲ. ಒಂದು ಸ್ಕೂಟರು ತಿರುವು ದಾಟಿ ಬಂದು ಕಿರ್ರೆಂದು ನಿಂತಿತು. ಮುಂದಿನ ಸಾಲಿನವರು ಹೋ ಎಂದು ಕೂಗಿದರು. ಅದರ ಹಿಂದೆ ಇನ್ನೇನು ಬರುತ್ತದೋ!

ಆಮೇಲೆ ಏನಾಯಿತೆಂದು ಮೇಸ್ತ್ರಿಯನ್ನು ಕೇಳಿದರೆ ಅವನಿಗೂ ಸರಿಯಾಗಿ ಗೊತ್ತಿಲ್ಲ. ಕಾಲು ತಾನಾಗಿ ವ್ಯಾನಿನ ಹಿಂದಕ್ಕೆ ಹೋಯಿತು, ಕೈ ತಾನಾಗಿ ಫಲಕ ಎತ್ತಿತು. ತಿರುವಿಗೂ ನೂರು ಹೆಜ್ಜೆ ಮುಂಚೆ ಅದನ್ನು ನಿಲ್ಲಿಸಿದ. ಹದಿನಾಲ್ಕು ಕೋನುಗಳನ್ನು ಓರೆಯಾಗಿ ಇಟ್ಟುಕೊಂಡು ಬಂದ. ಸಾಲಿನ ತುದಿಯಲ್ಲಿ ಕೂತಿದ್ದವಳಿಗೆ ತನ್ನ ಮಿನುಗುವ ಜಾಕೀಟು ಹೊದಿಸಿದ. ಒಂದು ಪಕ್ಕದಲ್ಲಿ ಗಾಡಿಗಳಿಗೆ ಜಾಗ ಬೇಕಲ್ಲ, ಎಲ್ಲರನ್ನೂ ಈ ಕಡೆ ಸರಿಸಿದ.

“ಏನೋ ಇದು, ನಾವು ರಸ್ತೆ ತಡೀತಿದ್ರೆ ನೀನು ದಾರಿ ಮಾಡಿಕೊಡ್ತೀಯ?” ಎಂದಳು ದೊಡ್ಡಕ್ಕ, ಕೂತಲ್ಲಿಂದಲೇ.

“ಆಂಬುಲೆನ್ಸು ಬಂದ್ರೆ? ಇನ್ನೊಂದು ಅರ್ಧ ಅಡಿ ಸರಿ, ಅಕ್ಕ.”

“ಒಮ್ಮೆ ಕೂತ ಮೇಲೆ ನಾನು ಏಳೋದು ಕೆಲಸ ಮುಗಿದ ಮೇಲೇನೇ. ಹೋಗೋ!”

ಅರ್ಧ ಅಡಿ ಸರಿಯಲಿಲ್ಲ. ಇಪ್ಪತ್ತು ನಿಮಿಷ ಧರಣಿ ನಡೆಯಿತು, ಗಾಡಿಗಳು ಒಂದರ ಹಿಂದೆ ಒಂದು ಸಾಲಾಗಿ ದಾಟಿಕೊಂಡು ಹೋದವು. ಕೆಲವರು ಇಲ್ಲಿ ಏನು ಕೆಲಸ ನಡೆಯುತ್ತಿದೆ ಎಂದು ಕತ್ತು ಚಾಚಿ ನೋಡಿದರು. ಕೊನೆಗೆ ಪೊಲೀಸರು ಬಂದು ಎಲ್ಲರ ಹೆಸರು ಬರೆದುಕೊಂಡರು. ಮೇಸ್ತ್ರಿ ಕೋನುಗಳನ್ನು ಒಟ್ಟು ಮಾಡುತ್ತಿದ್ದುದನ್ನು ನೋಡಿ ರಸ್ತೆ ಕಚೇರಿಯವನೇ ಇರಬೇಕೆಂದು ಅವರು ಅವನ ಹೆಸರು ಬರೆದುಕೊಳ್ಳಲಿಲ್ಲ. ಒಬ್ಬ ಪೇದೆ ಎರಡು ಕೋನು ಎತ್ತಿಯೂ ಕೊಟ್ಟ.

ಅಲ್ಲಿಗೆ ಮುಗಿಯಬೇಕಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಮುಗಿದೂ ಹೋಗುತ್ತಿತ್ತು.

ಆದರೆ ರಸ್ತೆ ಮುಚ್ಚಿದ ಪ್ರತಿ ಸಲವೂ ಮೇಸ್ತ್ರಿಗಳು ಕಚೇರಿಗೆ ಒಂದು ಹಾಳೆ ತುಂಬಿ ಕೊಡಬೇಕು. ಜಾಗ, ಮುಚ್ಚಿದ ಹೊತ್ತು, ತೆರೆದ ಹೊತ್ತು, ಕೋನುಗಳ ಸಂಖ್ಯೆ, ಬಿಟ್ಟ ಜಾಗದ ಅಗಲ, ಕಾರಣ, ಆ ಕೆಲಸಕ್ಕೆ ಸಿಕ್ಕ ಪರವಾನಗಿ ಸಂಖ್ಯೆ. ಸಂಜೆ ಅಡುಗೆಮನೆಯ ಮೇಜಿನ ಮುಂದೆ ಕೂತು ಮೇಸ್ತ್ರಿ ಬೆಳಗಿನ ಕೆಲಸದ ಹಾಳೆ ತುಂಬಿದ. ಆಮೇಲೆ ಪೆನ್ನು ಕಚ್ಚುತ್ತ ಕೂತ. ರಸ್ತೆ ಮುಚ್ಚಿದ್ದಂತೂ ನಿಜ. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಬರೆಯದೆ ಬಿಟ್ಟವನಲ್ಲ. ಇನ್ನೊಂದು ಹಾಳೆ ತೆಗೆದು ನಿಧಾನವಾಗಿ ಬರೆದ. ಕೋನುಗಳು: ಹದಿನಾಲ್ಕು. ಬಿಟ್ಟ ಅಗಲ: ಹತ್ತೂವರೆ ಅಡಿ. ಕಾರಣ: ಧರಣಿ. ಪರವಾನಗಿ ಸಂಖ್ಯೆಯ ಮುಂದೆ ಖಾಲಿ ಬಿಡುವುದು ಸರಿಯಲ್ಲ ಅನ್ನಿಸಿತು. ‘ಇಲ್ಲ’ ಎಂದು ಬರೆದು, ಕೆಳಗೆ ರುಜು ಹಾಕಿದ.

ನಾಲ್ಕನೆಯ ದಿನ ಆ ಹಾಳೆ ಕಚೇರಿಯಿಂದ ಪೊಲೀಸರ ಕೈ ಸೇರಿತ್ತು. ಹೆಂಗಸರಿಗೆಲ್ಲ ಮೊದಲ ಕಲಂ ಹಾಕಿ, ಸಣ್ಣ ದಂಡ ಕಟ್ಟಿಸಿಕೊಂಡು ಬಿಟ್ಟಿದ್ದರು. ಮೇಸ್ತ್ರಿಯೊಬ್ಬನಿಗೆ ಎರಡನೆಯ ಕಲಂ. ಸಾಮಾನು ತಂದಿಟ್ಟವನು ಅವನೇ ತಾನೆ? ತಾನೇ ತೋಡಿದ ಹಳ್ಳ, ಅಳತೆ ಸಮೇತ.

ಸುದ್ದಿ ತಿಳಿದ ಹೆಂಡತಿ ಮೊದಲು ತಲೆ ಚಚ್ಚಿಕೊಂಡಳು, ಆಮೇಲೆ ನಕ್ಕುಬಿಟ್ಟಳು.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನೀವು ಕುಂಬಳಕಾಯಿ ತೂಕ ಹಾಕಿ ರಸೀದಿ ಬರೆದುಕೊಟ್ಟು ಬಂದಿದ್ದೀರಲ್ರೀ!”

“ಬರೀದೆ ಇರೋಕಾಗುತ್ತಾ?”

“ಯಾಕಾಗಲ್ಲ? ಲೋಕವೆಲ್ಲ ಬರೀದೇನೇ ಇದೆ.”

ದೊಡ್ಡಕ್ಕ ಬಂದಳು. ಬಾಗಿಲಲ್ಲೇ ಶುರು ಮಾಡಿದಳು. “ನಿನ್ನನ್ನ ಯಾರೋ ಕರೆದರು ಅಲ್ಲಿಗೆ? ನಾನು ಕರೆದ್ನಾ? ನಮ್ಮ ಪಾಡಿಗೆ ನಾವು ಕೂತಿದ್ವಿ!” ಎಂದು ಕೂಗಿ, ಕುರ್ಚಿಯಲ್ಲಿ ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡಳು. “ಆ ಸ್ಕೂಟರಿನ ಹಿಂದೇನೇ ಲಾರಿ ಬರ್ತಿತ್ತು ಕಣೋ. ನಾನು ನೋಡಿದ್ದೆ. ಯಾರಿಗೂ ಹೇಳಲಿಲ್ಲ.”

ಹೆಂಡತಿ ಚಹಾ ತಂದಿಟ್ಟಳು.

ಸರ್ಕಾರದ ಕಡೆಯಿಂದ ಉಚಿತವಾಗಿ ಸಿಕ್ಕ ವಕೀಲೆ ಚಿಕ್ಕ ವಯಸ್ಸಿನವಳು, ಬಲು ಚುರುಕು. ಹಾಳೆಯ ನಕಲನ್ನು ಓದಿ, ಮಡಿಸಿ ಪಕ್ಕಕ್ಕಿಟ್ಟಳು.

“ನೋಡಿ ಅಂಕಲ್, ಒಂದು ದಾರಿ ಇದೆ. ಕೋನು ಇಟ್ಟದ್ದು ನೀವೇ ಅಂತ ಕಣ್ಣಾರೆ ನೋಡಿದ ಸಾಕ್ಷಿ ಅವರ ಹತ್ತಿರ ಇಲ್ಲ. ಪೊಲೀಸರು ನೋಡಿದ್ದು ನೀವು ತೆಗೆಯೋದನ್ನ ಮಾತ್ರ. ಹಾಳೇನ ಅಭ್ಯಾಸಬಲದಿಂದ ತುಂಬಿದೆ, ಇಟ್ಟವರು ಯಾರೋ ಗೊತ್ತಿಲ್ಲ ಅಂದುಬಿಡಿ. ಕೇಸು ಬಿದ್ದುಹೋಗುತ್ತೆ.”

“ಆದ್ರೆ ಇಟ್ಟದ್ದು ನಾನೇ ಅಲ್ವಾ ಅಮ್ಮ?”

“ಅದು ನನಗೂ ಗೊತ್ತು ನಿಮಗೂ ಗೊತ್ತು. ಕಾರ್ಡು ಬೇಕಾ ಬೇಡ್ವಾ?”

ಕಾರ್ಡು ಬೇಕಾಗಿತ್ತು. ವಿಚಾರಣೆಯವರೆಗಿನ ಮೂರು ವಾರ ಮೇಸ್ತ್ರಿ ಆ ಒಂದು ವಾಕ್ಯವನ್ನು ಬಾಯಿಪಾಠ ಮಾಡಿದ. ‘ಇಟ್ಟವರು ಯಾರೋ ಗೊತ್ತಿಲ್ಲ.’ ಸ್ನಾನದ ಮನೆಯಲ್ಲಿ ಹೇಳಿಕೊಂಡ, ವ್ಯಾನಿನಲ್ಲಿ ಹೇಳಿಕೊಂಡ. ಹೇಳಿಕೊಂಡಾಗಲೆಲ್ಲ ಆ ಹದಿನಾಲ್ಕು ಕೋನುಗಳು ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದವು. ನೆಟ್ಟಗೆ ಬಂದಿತ್ತು ಸಾಲು. ಅದನ್ನು ಯಾರೋ ಇಟ್ಟರು ಅಂದರೆ ಯಾರು ನಂಬುತ್ತಾರೆ? ಹಾಗೆ ಇಡುವವರು ಈ ಊರಲ್ಲಿ ಇನ್ಯಾರಿದ್ದಾರೆ?

ವಿಚಾರಣೆಯ ದಿನ ಕೋರ್ಟಿನ ಬೆಂಚುಗಳು ತುಂಬಿದ್ದವು. ನಲವತ್ತು ಹೆಂಗಸರಲ್ಲಿ ಮೂವತ್ತಾರು ಜನ ಬಂದಿದ್ದರು. ಮುಂದಿನ ಸಾಲಿನಲ್ಲಿ ದೊಡ್ಡಕ್ಕ ಎರಡು ಜನರ ಜಾಗದಲ್ಲಿ ಕೂತಿದ್ದಳು. ಫ್ಯಾನು ತಿರುಗುವಾಗ ಟಕಟಕ ಅನ್ನುತ್ತಿತ್ತು.

ಮೊದಲು ಸರ್ಕಾರಿ ವಕೀಲರು ಬಸ್ಸಿನ ಡ್ರೈವರೊಬ್ಬನನ್ನು ಸಾಕ್ಷಿಯಾಗಿ ಕರೆದರು. ಅವತ್ತು ಆ ದಾರಿಯಲ್ಲಿ ಬಂದವನು ಅವನು.

“ಪ್ರತಿಭಟನೆಯಿಂದ ನಿಮ್ಮ ಬಸ್ಸು ತಡವಾಯಿತಲ್ಲವೆ?”

“ಇಲ್ಲ ಸಾರ್, ಎರಡು ನಿಮಿಷ ಬೇಗ ಹೋಯ್ತು.”

“ಬೇಗ?”

“ಹೂಂ ಸಾರ್. ದಿನಾ ಆ ತಿರುವಿನಲ್ಲಿ ಆ ಕಡೆಯವರು ಈ ಕಡೆ, ಈ ಕಡೆಯವರು ಆ ಕಡೆ ನುಗ್ಗಿ ಗಂಟು ಬೀಳ್ತಾರೆ. ಅವತ್ತು ಕೋನು ಇದ್ವಲ್ಲ, ಎಲ್ಲರೂ ಸಾಲಾಗಿ ಬಂದ್ರು. ನಾನು ದಿನಾ ಹೀಗೇ ಇರುತ್ತೆ ಅಂದ್ಕೊಂಡೆ. ಮಾರನೇ ದಿನ ನೋಡಿದ್ರೆ ಮತ್ತೆ ಅದೇ ರಾಮಾಯಣ.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನೋಡಿದರು, ಸದ್ದಡಗಿತು. ಮೇಸ್ತ್ರಿಯ ಸರದಿ ಬಂತು. ಕಟಕಟೆಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಕೋನುಗಳನ್ನು ಇಟ್ಟವರು ಯಾರು?” ಎಂದರು ಸರ್ಕಾರಿ ವಕೀಲರು.

ಮೇಸ್ತ್ರಿ ಬಾಯಿ ತೆರೆದ. ವಕೀಲೆ ಅವನನ್ನೇ ನೋಡುತ್ತಿದ್ದಳು. ಇಟ್ಟವರು ಯಾರೋ ಎಂಬಲ್ಲಿಯವರೆಗೆ ಗಂಟಲಿಗೆ ಬಂತು.

“ನಾನೇ ಸ್ವಾಮಿ” ಎಂದ.

ವಕೀಲೆ ಪೆನ್ನನ್ನು ಮೆಲ್ಲಗೆ ಕೆಳಗಿಟ್ಟಳು.

“ಯಾಕೆ?”

“ಮುಂದೆ ಫಲಕ ಇಲ್ಲದೆ ತಿರುವಿನಲ್ಲಿ ಕೂತಿದ್ರು ಸ್ವಾಮಿ. ನಾವು ಹಾಗೆ ಎಂದೂ ಮಾಡಲ್ಲ.”

“‘ಮುಂದೆ ಕೆಲಸ ನಡೆಯುತ್ತಿದೆ’ ಅಂತ ಫಲಕ ಇಟ್ಟಿರಿ. ಏನು ಕೆಲಸ ನಡೆಯುತ್ತಿತ್ತು?”

ಮೇಸ್ತ್ರಿ ಯೋಚಿಸಿದ. “ಧರಣಿ ಸ್ವಾಮಿ. ನಮ್ಮ ಹತ್ತಿರ ಅದಕ್ಕೆ ಬೇರೆ ಫಲಕ ಇಲ್ಲ.”

ಈ ಸಲ ಬೆಂಚುಗಳೆಲ್ಲ ನಕ್ಕವು. ನ್ಯಾಯಾಧೀಶರು ಕೈಯೆತ್ತಿ ಸುಮ್ಮನಾಗಿಸಿ, ಹಾಳೆಯನ್ನು ತಾವೇ ತೆಗೆದುಕೊಂಡು ಓದಿದರು. “ಇಲ್ಲಿ ಬಿಟ್ಟ ಅಗಲ ಹತ್ತೂವರೆ ಅಡಿ ಅಂತಿದೆ. ಅಂದರೆ ದಾರಿ ಪೂರ್ತಿ ಮುಚ್ಚಿರಲಿಲ್ಲ?”

“ಇಲ್ಲ ಸ್ವಾಮಿ. ಆದ್ರೆ...” ಮೇಸ್ತ್ರಿ ತಡವರಿಸಿದ. ವಕೀಲೆ ಕಣ್ಣಲ್ಲೇ ಬೇಡ ಬೇಡ ಎಂದಳು. “ಆದ್ರೆ ನಿಯಮದ ಪ್ರಕಾರ ಹನ್ನೊಂದು ಅಡಿ ಬಿಡಬೇಕು. ಅರ್ಧ ಅಡಿ ಕಡಿಮೆ ಆಯ್ತು. ಅದು ನನ್ನ ತಪ್ಪು.”

“ಯಾಕೆ ಕಡಿಮೆಯಾಯಿತು?”

“ಅಕ್ಕನಿಗೆ ಪಕ್ಕಕ್ಕೆ ಸರಿ ಅಂದೆ ಸ್ವಾಮಿ. ಸರೀಲಿಲ್ಲ.”

“ಲೋ!” ಎಂದಳು ದೊಡ್ಡಕ್ಕ ಕೂತಲ್ಲಿಂದಲೇ. “ಕೋರ್ಟಿನಲ್ಲಿ ನನ್ನ ಮೈಯಳತೆ ಹೇಳ್ತೀಯೇನೋ!”

ಕೋರ್ಟಿನ ಜವಾನ ಅವಳ ಕಡೆ ಬಂದ. ಅವಳು ತಾನಾಗಿಯೇ ಬಾಯಿಗೆ ಸೆರಗು ಹಿಡಿದುಕೊಂಡಳು. ನ್ಯಾಯಾಧೀಶರು ಕಾಗದಗಳಲ್ಲಿ ಏನನ್ನೋ ಹುಡುಕುವವರ ಹಾಗೆ ತಲೆ ಬಗ್ಗಿಸಿದರು. ತಲೆ ಎತ್ತಿದಾಗ ಬಸ್ಸಿನ ಡ್ರೈವರನ್ನು ಕೇಳಿದರು, “ನಿಮ್ಮ ಬಸ್ಸಿನ ಅಗಲ ಎಷ್ಟು?”

“ಎಂಟಡಿ ಚಿಲ್ಲರೆ ಸಾರ್. ಕನ್ನಡಿ ಸೇರಿದರೂ ಆರಾಮಾಗಿ ಹೋಯ್ತು.”

ತೀರ್ಪು ಅಂದೇ ಮಧ್ಯಾಹ್ನ ಬಂತು. ಅಲ್ಲಿಯವರೆಗೆ ಮೇಸ್ತ್ರಿ ವರಾಂಡದಲ್ಲಿ ಕೂತು ನೆಲದ ಚಪ್ಪಡಿಕಲ್ಲುಗಳ ಸಂದಿಯನ್ನೇ ನೋಡುತ್ತಿದ್ದ. ಹೆಂಡತಿ ಕಟ್ಟಿ ತಂದ ಬುತ್ತಿಯನ್ನು ಅವನು ಮುಟ್ಟಲಿಲ್ಲ. ದೊಡ್ಡಕ್ಕ ಅವನ ಪಾಲನ್ನೂ ಸೇರಿಸಿ ಉಂಡಳು, ಸಂಕಟವಾದಾಗ ಅವಳಿಗೆ ಹಸಿವು ಹೆಚ್ಚು. ವಕೀಲೆ ಬಂದು ಅವನ ಪಕ್ಕದಲ್ಲಿ ಕೂತು, “ನಾನು ಹೇಳಿಕೊಟ್ಟದ್ದು ಒಂದು ಸಾಲು ಅಂಕಲ್. ಒಂದೇ ಸಾಲು” ಎಂದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಬೇರೆ ಏನೋ ಇತ್ತು.

“ನಾಲಿಗೆ ಹೊರಳಲಿಲ್ಲ ಅಮ್ಮ. ನಿಮ್ಮ ಹೆಸರು ಕೆಡಿಸಿದೆ.”

ಒಳಗೆ ಕರೆದರು. ನ್ಯಾಯಾಧೀಶರು ಓದಿದರು. ಸಾಮಾನು ತಂದಿಟ್ಟದ್ದು ನಿಜ. ಆದರೆ ಸಂಚಾರ ಪೂರ್ತಿ ನಿಲ್ಲಲಿಲ್ಲ. ನಿಲ್ಲಿಸುವ ಉದ್ದೇಶವಿತ್ತೆನ್ನುವುದಕ್ಕೆ ಹಾಳೆಯೇ ವಿರುದ್ಧ ಸಾಕ್ಷಿ. ಎರಡನೆಯ ಕಲಂ ಅನ್ವಯಿಸುವುದಿಲ್ಲ. ಅಪ್ಪಣೆಯಿಲ್ಲದೆ ಮಾಡಿದ್ದಕ್ಕೆ ಮೊದಲ ಕಲಮಿನ ಕೆಳಗೆ ಎಚ್ಚರಿಕೆ. ಒಂದು ವರ್ಷದವರೆಗೆ ಯಾವುದೇ ಸಾರ್ವಜನಿಕ ರಸ್ತೆಯಲ್ಲಿ ಯಾವುದೇ ಬಗೆಯ ಅಡ್ಡಿಯನ್ನು ಇಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡತಕ್ಕದ್ದು.

ಹಿಂದೆ ಮೂವತ್ತಾರು ಜನ ಒಟ್ಟಿಗೆ ಉಸಿರು ಬಿಟ್ಟರು. ಕಾರ್ಡು ಉಳಿಯಿತು. ವಕೀಲೆ ಮೇಸ್ತ್ರಿಯ ಕೈ ಕುಲುಕಿದಳು. ಗುಮಾಸ್ತ ಮುಚ್ಚಳಿಕೆಯ ಕಾಗದವನ್ನು ಮುಂದಿಟ್ಟು ರುಜು ಹಾಕಲು ಜಾಗ ತೋರಿಸಿದ. ಮೇಸ್ತ್ರಿ ಪೆನ್ನು ಹಿಡಿದ. ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಶಾಲೆಯ ಹುಡುಗನ ಹಾಗೆ ಕೈಯೆತ್ತಿದ.

“ಇಳಿಸಿ, ಕೈ ಇಳಿಸಿ” ಎಂದು ವಕೀಲೆ ಪಿಸುಗುಟ್ಟುತ್ತ ಅವನ ತೋಳು ಜಗ್ಗಿದಳು. “ಗೆದ್ದಿದ್ದೀವಿ ಅಂಕಲ್! ರುಜು ಹಾಕಿ ಬನ್ನಿ!”

“ಏನು?” ಎಂದರು ನ್ಯಾಯಾಧೀಶರು.

“ಸ್ವಾಮಿ, ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಸೇತುವೆ ರಸ್ತೇಲಿ ನಾನು ಅಡ್ಡಿ ಇಡಬೇಕು.”

ನ್ಯಾಯಾಧೀಶರು ಮುಂದಕ್ಕೆ ಬಾಗಿದರು.

“ಏನಂದಿರಿ?”

“ಹದಿನೆಂಟು ಕೋನು ಸ್ವಾಮಿ. ಅಪ್ಪಣೆ ಇದೆ. ನಡುಗೆರೆ ಅಳಿಸಿಹೋಗಿದೆ, ಬರೀಬೇಕು. ಆದ್ರೆ ಇದರಲ್ಲಿ ಯಾವುದೇ ರಸ್ತೆ, ಯಾವುದೇ ಬಗೆ ಅಂತಿದೆ. ಇದಕ್ಕೆ ಇವತ್ತು ರುಜು ಹಾಕಿ ನಾಳೆ ಕೋನು ಇಟ್ಟರೆ ಮಾತಿಗೆ ತಪ್ಪಿದ ಹಾಗಾಗುತ್ತೆ. ಇಡದೇ ಇದ್ದರೆ ಕೆಲಸಕ್ಕೆ ತಪ್ಪಿದ ಹಾಗಾಗುತ್ತೆ. ಯಾವುದನ್ನ ಮಾಡ್ಲಿ ಅಂತ ತಾವೇ ಹೇಳಿದ್ರೆ...”

ಸರ್ಕಾರಿ ವಕೀಲರೇ ಮೊದಲು ನಕ್ಕರು. ನ್ಯಾಯಾಧೀಶರು ತಮ್ಮ ಆದೇಶವನ್ನು ಮತ್ತೆ ಓದಿದರು, ಕನ್ನಡಕ ತೆಗೆದು ಒರೆಸಿಕೊಂಡರು.

“ಇಷ್ಟು ವರ್ಷದಲ್ಲಿ ನನ್ನ ಆದೇಶವನ್ನು ಪೂರ್ತಿ ಓದಿ ರುಜು ಹಾಕಿದವರು ಯಾರೂ ಇಲ್ಲ” ಎಂದರು, ಯಾರಿಗೆಂದು ಹೇಳಲಾಗದ ಹಾಗೆ. ಪೆನ್ನು ತೆಗೆದು ಬದಿಯಲ್ಲಿ ಒಂದು ಸಾಲು ಸೇರಿಸಿದರು: ‘ರಸ್ತೆ ಕಚೇರಿಯ ಅಪ್ಪಣೆಯಂತೆ ಮಾಡುವ ಕೆಲಸವನ್ನು ಹೊರತುಪಡಿಸಿ.’ ಕೆಳಗೆ ಮೊಹರು ಒತ್ತಿಸಿದರು. “ಈಗ ಸರಿಯಾಯಿತಾ?”

ಮೇಸ್ತ್ರಿ ಓದಿ ನೋಡಿದ. “ಸರಿಯಾಯ್ತು ಸ್ವಾಮಿ” ಎಂದು ರುಜು ಹಾಕಿದ.

ಮೆಟ್ಟಿಲ ಮೇಲೆ ಹೆಂಗಸರೆಲ್ಲ ಅವನನ್ನು ಮುತ್ತಿಕೊಂಡರು. ದೊಡ್ಡಕ್ಕ ಅವನ ಬೆನ್ನಿಗೊಂದು ಗುದ್ದು ಕೊಟ್ಟಳು, ಪ್ರೀತಿಯದೇ, ಆದರೂ ಎರಡು ಮೆಟ್ಟಿಲು ಇಳಿಯುವ ಹಾಗಾಯಿತು. “ಅರ್ಧ ಅಡಿ ಅಂತೆ! ಇನ್ನು ಸಾಯೋವರೆಗೂ ನನಗೆ ಅದನ್ನೇ ಹೇಳ್ತಾರೆ” ಎಂದಳು. ಹೇಳತೊಡಗಿದ್ದರು ಕೂಡ. ಶಾಲೆಯ ಮುಂದಿನ ಪಟ್ಟೆಗಳ ಅರ್ಜಿ ಇನ್ನೂ ಪರಿಶೀಲನೆಯಲ್ಲೇ ಇತ್ತು. ಆದರೆ ಕಚೇರಿಯಿಂದ ಇಬ್ಬರು ಬಂದು ತಿರುವನ್ನು ಅಳೆದುಕೊಂಡು ಹೋದರೆಂದು ಯಾರೋ ಹೇಳಿದರು. ಅಳೆದರು ಅಂದ ಮೇಲೆ ಮೇಸ್ತ್ರಿಗೆ ಅರ್ಧ ಕೆಲಸ ಆದ ಹಾಗೆಯೇ.

ಮಾರನೆಯ ದಿನ ಸೇತುವೆ ರಸ್ತೆಯಲ್ಲಿ ಬಿಸಿಲು ಹದವಾಗಿತ್ತು. ಮೇಸ್ತ್ರಿ ಹನ್ನೊಂದು ಅಡಿ ಬಿಟ್ಟು, ಯಾವುದಕ್ಕೂ ಇರಲಿ ಎಂದು ಇನ್ನೊಂದು ಗೇಣು ಬಿಟ್ಟು, ಹದಿನೆಂಟು ಕೋನುಗಳನ್ನು ಇಟ್ಟ. ನೂಲು ಹೊಡೆದ. ಬಣ್ಣ ಕಾದಿತ್ತು, ಗಾಡಿ ತಳ್ಳಿದ. ಗೆರೆ ಹಿಂದೆ ಹಿಂದೆಯೇ ಬೆಳ್ಳಗೆ ಬಂತು, ಎಲ್ಲೂ ಅಲುಗದೆ. ಹಿಂದೆ ಗಾಡಿಗಳ ಸಾಲು ಬೆಳೆಯಿತು. ಹಾರನ್ನುಗಳು ಒಂದಾದ ಮೇಲೊಂದು ಶುರುವಾದವು. ಒಬ್ಬ ಕಾರಿನವನು ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದ.

“ಏನ್ರೀ, ರಸ್ತೆ ನಿಮ್ಮಪ್ಪಂದಾ?”

ಬೇರೆ ದಿನವಾಗಿದ್ದರೆ ಮೇಸ್ತ್ರಿಯ ಮುಖ ಸಣ್ಣದಾಗುತ್ತಿತ್ತು. ಅಂದು ಆ ಬೈಗುಳ, ಊರು ಬಿಟ್ಟು ಬಂದವನನ್ನು ಯಾರೋ ಗುರುತು ಹಿಡಿದು ಮಾತಾಡಿಸಿದ ಹಾಗೆ ಕೇಳಿಸಿತು.

“ಅಲ್ಲ ಅಣ್ಣ” ಎಂದ ನಗುತ್ತ. “ಹತ್ತೇ ನಿಮಿಷ. ಬಣ್ಣ ಒಣಗಲಿ.”